ಏಳನೆಯ ಹಾಡಿಗೆ ಮುಂಚೆ

ನನ್ನ ಹೆಂಡತಿ ಹಾಡುತ್ತಾಳೆ, ನಾನು ರೆಕಾರ್ಡ್ ಮಾಡುತ್ತೇನೆ, ನನಗೆ ಬೇಡವಾದ ಮೂರನೆಯವನೊಬ್ಬ ಪಿಯಾನೋ ನುಡಿಸುತ್ತಾನೆ. ಉದ್ದ ಬೆರಳಿನವನಾದ್ದರಿಂದ ಅವಳು ಅವನನ್ನು ಬೆರಳಣ್ಣ ಎನ್ನುತ್ತಾಳೆ. ಅಣ್ಣನಂತೆ ಅಣ್ಣ!

ಹಳೆಯ ಪ್ರೇಮಗೀತೆಗಳ ಜಾಝ್ ಆಲ್ಬಮ್ ಅದು. ಕೇಳುವವರ ಪಕ್ಕದಲ್ಲೇ ಕೂತು ಹಾಡಿದ ಹಾಗಿರಬೇಕೆಂದು ಮೈಕನ್ನು ಅವಳ ತುಟಿಗೆ ನಾಲ್ಕೇ ಬೆರಳು ದೂರದಲ್ಲಿಟ್ಟಿದ್ದೆ. ಪ್ರತಿ ಹಾಡಿಗೂ ಮುಂಚೆ ಆ ಮಹಾನುಭಾವ ಎದ್ದು ಬಂದು, ಮೈಕಿಗೆ ಬೆನ್ನು ಮಾಡಿ, ಅವಳ ಬಲಗಿವಿಯಲ್ಲಿ ಏನೋ ಪಿಸುಗುಡುತ್ತಿದ್ದ. ಸ್ಟುಡಿಯೋ ಗಾಜಿನ ಈಚೆ ನಾನು ಹಲ್ಲು ಕಡಿಯುತ್ತಿದ್ದೆ.

ಮನೆಯಲ್ಲೂ ಅವಳ ವರಸೆ ಬದಲಾಗಿತ್ತು. ಎರಡು ತಿಂಗಳ ಹಿಂದೆ ಹಾಸಿಗೆಯಲ್ಲಿ ನನ್ನ ಬಲಗಡೆಯಿಂದ ಎಡಗಡೆಗೆ ಜಾಗ ಬದಲಿಸಿಕೊಂಡಿದ್ದಳು. ಕರೆದರೆ ಓಗೊಡುತ್ತಿರಲಿಲ್ಲ. ಕೇಳಿದರೆ, "ಏನೋ ಯೋಚನೇಲಿದ್ದೆ ಕಣೋ" ಎನ್ನುವಳು. ಯಾರ ಯೋಚನೆ?

ಮೊನ್ನೆ ಮಧ್ಯಾಹ್ನ ಒಬ್ಬನೇ ಕೂತು ಹಾಡುಗಳ ನಡುವಿನ ಸದ್ದು ತೆಗೆಯುತ್ತಿದ್ದೆ. ಏಳನೆಯ ಹಾಡಿಗೆ ಮುಂಚೆ ಅವಳ ದನಿ ಸಿಕ್ಕಿತು: "ಅವನಿಗೆ ಮಾತ್ರ ಹೇಳ್ಬೇಡ ಬೆರಳಣ್ಣ. ತಡಕೊಳ್ಳಲ್ಲ ಅವನು."

ಹೆಡ್‌ಫೋನ್ ಕಿತ್ತೆಸೆದೆ. ಸೀದಾ ಮನೆಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಅವಳ ಎಡಭುಜದ ಹಿಂದೆ ನಿಂತು ಹಲ್ಲು ಕಚ್ಚಿಕೊಂಡೇ ಅಂದೆ: "ಹೋಗು, ಅವನ ಜೊತೇನೇ ಬಾಳು. ನನಗೆ ನೀನು ಬೇಡ."

ಅವಳ ಕೈ ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಂಥ ಸೊಕ್ಕು ಎಂದುಕೊಂಡು ಹೊರಗೆ ಬಂದು ಅವನಿಗೇ ಫೋನ್ ಮಾಡಿದೆ.

"ಏನಯ್ಯಾ ಅದು, ನನಗೆ ಹೇಳಬಾರದ್ದು?"

"ನಿಮಗಿನ್ನೂ ಗೊತ್ತೇ ಆಗಿಲ್ವಾ? ತಂಗಿಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀನೂ ಹೋಗ್ತಿದೆಯಂತೆ. ಪಿಯಾನೋ ಶ್ರುತಿ ಸಿಗಲ್ಲ ಅಂತ ಕಿವಿ ಹತ್ರ ಗುನುಗಿ ಕೊಡ್ತಿದ್ದೆ. ಪೂರ್ತಿ ಹೋಗೋಕ್ಮುಂಚೆ ಒಂದು ಆಲ್ಬಮ್ ಆಗ್ಲಿ ಅಂತ ಅವಳ ಆಸೆ. ಗೊತ್ತಾದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ ಭಯ."

ಕಂಡವರ ಉಸಿರೆಲ್ಲ ಕೇಳಿ ಹೊಟ್ಟೆ ಹೊರೆಯುವವನು ನಾನು. ನನ್ನ ಕಿವಿಗಿಷ್ಟು ಬೆಂಕಿ ಹಾಕ!

ಅಡುಗೆಮನೆಗೆ ವಾಪಸು ಹೋದಾಗ ನಲ್ಲಿ ನಿಂತಿತ್ತು. ನನ್ನನ್ನು ಕಂಡು ಬೆಚ್ಚಿದಳು. "ಯಾವಾಗ ಬಂದ್ಯೋ, ಕಳ್ಳಬೆಕ್ಕು? ಏನಾದ್ರೂ ಅಂದ್ಯಾ?"

ಕೇಳಿಸಿರಲಿಲ್ಲ. ದೇವರು ದೊಡ್ಡವನು. ನಾನು ಸುತ್ತಿಕೊಂಡು ಅವಳ ಬಲಕ್ಕೆ ಹೋಗಿ, ಕಿವಿಯ ಹತ್ತಿರ ಬಗ್ಗಿದೆ.

"ಕೊನೇ ಹಾಡು ಬಾಕಿ ಇದ್ಯಲ್ಲ. ಅದಕ್ಕೆ ಶ್ರುತಿ ನಾನು ಕೊಡ್ತೀನಿ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. "ನಿನ್ನದು ಅಪಶ್ರುತಿ ಕಣೋ" ಎಂದು ನಕ್ಕಳು. ಮರುಗಳಿಗೆಯಲ್ಲೇ ಒದ್ದೆ ಕೈಯಲ್ಲಿ ನನ್ನ ಅಂಗಿ ಹಿಡಿದುಕೊಂಡು ಅತ್ತಳು.