ಮೇಜಿನ ಮೇಲಿನ ಅಂಗಿ

ಬಾಗಿಲು ತಟ್ಟದೆಯೇ ಒಳಗೆ ಬಂದ ಕ್ಯಾಪ್ಟನ್ ವಿಟ್‌ಕಾಂಬ್‌ಗೆ ಮೇಜಿನ ಮೇಲೆ ಸುಕ್ಕಿಲ್ಲದೆ ಹಾಸಿದ್ದ ಬಿಳಿ ಅಂಗಿ ಕಂಡು ಖುಷಿಯಾಯಿತು.

"ಆಗಲೇ ಇಸ್ತ್ರಿ ಮಾಡಿಟ್ಟಿದ್ದೀಯ. ಬೇಗ ಹಾಕ್ಕೊ ಮಲಕಿ, ಬಂದರಿನಲ್ಲಿ ಜನ ಕಾಯ್ತಿದ್ದಾರೆ."

ಮಲಕಿಯ ತಾಯಿ ಒನೋರಾ ಮತ್ತು ಅವಳ ಜೊತೆ ಗೋಡೆಗೊರಗಿ ಕೂತಿದ್ದ ಹೆಂಗಸರು ಮಿಸುಕಲಿಲ್ಲ. ಅಂಗಿಯ ಎದೆಯ ಮೇಲೆ ಉಪ್ಪಿನ ತಟ್ಟೆಯಿತ್ತು, ಕೊರಳಿನ ಕಡೆ ಮೇಣದಬತ್ತಿ ಉರಿಯುತ್ತಿತ್ತು. ತಿಂಗಳುಗಟ್ಟಲೆ ಕಾದರೂ ಹೆಣ ಸಿಗದಿದ್ದರೆ ನಮ್ಮ ಐರಿಷ್ ಜನ ಸತ್ತವನ ಬಟ್ಟೆಯನ್ನೇ ಮಲಗಿಸಿ ಜಾಗರಣೆ ಕೂರುತ್ತಾರೆ. ಕಣ್ಣಿದ್ದವನಿಗೆ ಅಷ್ಟು ಸಾಕಿತ್ತು. ಕ್ಯಾಪ್ಟನ್ನನಿಗೆ ಕಣ್ಣಿದ್ದದ್ದು ತನ್ನ ಕೆಲಸದ ಮೇಲೆ ಮಾತ್ರ.

ಆ ಕೆಲಸವೆಂದರೆ ಊರು ಬಿಟ್ಟು ಬಂದು ಹಡಗಿನಿಂದ ಇಳಿಯುವ ನಮ್ಮ ಹುಡುಗರನ್ನು ಈ ದೇಶದ ಸೈನ್ಯಕ್ಕೆ ಸೇರಿಸುವುದು. ಪದಕ ತೊಟ್ಟ ಐರಿಷ್ ವೀರ ವೇದಿಕೆಯ ಮೇಲೆ ನಿಂತರೆ ಸಾಕು, ಹಸಿದವರು ತಾವಾಗಿಯೇ ಸಾಲುಗಟ್ಟುತ್ತಾರೆ. ಹೋದ ಸಲ ಮಲಕಿ ಹೋಗಿ ನಿಂತಿದ್ದ. ಆವತ್ತು ಸೇರಿದ ಕೆಳಮನೆಯ ಹುಡುಗನ ಸುದ್ದಿಯೇ ಇಲ್ಲ. ಅವನ ತಾಯಿ ಈಗ ಇದೇ ಗೋಡೆಗೆ ಒರಗಿದ್ದಳು.

ಕ್ಯಾಪ್ಟನ್ ಉಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಪಾಟಿನ ಮೇಲಿದ್ದ ಪದಕವನ್ನು ತಾನೇ ತೆಗೆದು ಅಂಗಿಗೆ ಚುಚ್ಚಿದ. ಮಲಕಿ ಎದ್ದು ನಿಂತ.

"ಅದು ನನ್ನ ಅಂಗಿ ಅಲ್ಲ. ಅದು ನನ್ನ ತಮ್ಮ."

ಕ್ಯಾಪ್ಟನ್ ಕೈ ಹಿಂದೆ ತೆಗೆದ. ನಾಲಿಗೆ ಮಾತ್ರ ಹಿಂದೆ ಸರಿಯಲಿಲ್ಲ. ಪಾಪ ಫಿಂಟನ್, ಒಳ್ಳೆಯ ಸಿಪಾಯಿ, ಆದರೂ ದೇಶ ಮೊದಲು, ಸಭೆ ಮುಗಿಸಿಕೊಂಡು ಬಂದು ಅಳಬಹುದಲ್ಲ ಎಂದ.

ಮಲಕಿ ಅಂಗಿಯ ಮೇಲಿನ ಪದಕಕ್ಕೆ ಬೆರಳು ತೋರಿಸಿ ದನಿಯೇರಿಸಿದ.

"ಆವತ್ತು ಯುದ್ಧದಲ್ಲೂ ಹೀಗೇ ಅಂದ್ರಿ. ಮೊದ್ಲು ಬಿದ್ದಿರೋ ಬಾವುಟ ತಗೊಂಡ್ ಬಾ, ಅವನನ್ನ ಆಮೇಲೆ ನೋಡೋಣ ಅಂತ. ಅವನಿಗಿನ್ನೂ ಉಸಿರಿತ್ತು ಕಣ್ರೀ. ನನ್ನ ಕಾಲು ಹಿಡ್ಕೊಂಡಿದ್ದ. ಬಿಡಿಸ್ಕೊಂಡು ಬಂದೆ. ಅದಕ್ಕೇ ತಾನೆ ಇದನ್ನ ಕೊಟ್ಟಿದ್ದು?"

ತಮ್ಮ ಒಂದೇ ಗುಂಡೇಟಿಗೆ ಹೋದ, ನೋವೇ ಆಗಲಿಲ್ಲ ಎಂದು ಅವನು ತಾಯಿಗೆ ಹೇಳಿದ್ದ. ಒನೋರಾ ಅದನ್ನು ನಂಬಿ ಅಷ್ಟರಮಟ್ಟಿಗೆ ನಿದ್ದೆ ಮಾಡುತ್ತಿದ್ದಳು. ಮಲಕಿಗೆ ಅದು ನೆನಪಾದಾಗ ಮಾತು ಬಾಯಿಂದ ಹೊರಬಿದ್ದಾಗಿತ್ತು.

"ನಾನು ಬರಲ್ಲ," ಎಂದ, ದನಿ ಇಳಿಸಿ. "ಇನ್ನೊಬ್ಬಳ ಮಗನನ್ನ ಕರೆಯಲ್ಲ."

ಒನೋರಾ ಎದ್ದಳು. ಪದಕವನ್ನು ಬಿಚ್ಚಿ ಕ್ಯಾಪ್ಟನ್ನನ ಅಂಗೈಯಲ್ಲಿಟ್ಟು ಬಾಗಿಲು ತೋರಿಸಿದಳು. ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು.

"ಅವ್ವ," ಎಂದ ಮಲಕಿ.

ಅವಳು ತಿರುಗಲಿಲ್ಲ. ಕೆಳಮನೆಯವಳ ಹತ್ತಿರ ಸೂಜಿ ಕೇಳಿ ತೆಗೆದುಕೊಂಡಳು. ಬಿಳಿ ದಾರದ ತುದಿಯನ್ನು ಎಂಜಲು ಮಾಡಿ ಪೋಣಿಸಿ, ಮೇಣದಬತ್ತಿಯನ್ನು ಹತ್ತಿರಕ್ಕೆಳೆದುಕೊಂಡು, ಅಂಗಿಯ ಎದೆಯಲ್ಲಿ ಪಿನ್ನು ಚುಚ್ಚಿದ ತೂತುಗಳನ್ನು ಹೊಲಿಯಲು ಕೂತಳು.