ಕಬ್ಬಿಣದ ಮಾತ್ರೆ, ಗಟ್ಟಿ ಚಹಾ

ತೈವಾನಿನ ಲೂಗು ಬೆಟ್ಟದಲ್ಲಿ ಬರೀ ನೀರು ಕುಡಿಯುವವನು ಒಂದೋ ಎಮ್ಮೆ, ಇಲ್ಲವೇ ದಿವಾಳಿಯೆದ್ದವನು. ಮೂರು ತಲೆಮಾರು ಚಹಾದ ಎಲೆ ಹುರಿದ ಮನೆಗೆ ಸೊಸೆಯಾಗಿ ಬಂದ ಸೂಚಿನ್‌ಗೆ ಈ ಮಾತು ವೇದವಾಕ್ಯ.

ಗಂಡ ತ್ಯೆನ್‌ಫುಗೆ ಮೂತ್ರಪಿಂಡ ಸೋತಿತ್ತು, ಜೊತೆಗೆ ಹೃದಯವೂ. "ರಕ್ತದಲ್ಲಿ ಕಬ್ಬಿಣಾಂಶವೇ ಇಲ್ಲ. ಹೀಗೇ ಬಿಟ್ರೆ ಹೃದಯ ಪೂರ್ತಿ ಕೈಕೊಡುತ್ತೆ," ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಸೂಚಿನ್ ಪ್ರತಿ ಬೆಳಿಗ್ಗೆ ಮಣ್ಣಿನ ಕುಡಿಕೆಯಿಂದ ಗಟ್ಟಿ ಚಹಾ ಬಗ್ಗಿಸಿ, ಮಾತ್ರೆಯ ಜೊತೆ ಮುಂದಿಡುತ್ತಿದ್ದಳು.

"ಒಂದ್ ಲೋಟ ನೀರು ಕೊಡೇ. ಚಹಾದಲ್ಲಿ ನುಂಗಿದ್ರೆ ಹೊಟ್ಟೆ ತೊಳಸುತ್ತೆ," ಎಂದ ಒಮ್ಮೆ.

"ನೀರಾ? ಯಾವಾಗಿಂದ ಎಮ್ಮೆ ಆದ್ರಿ? ಸುಮ್ನೆ ನುಂಗ್ರೀ!"

ನುಂಗಿದ. ಚಳಿಗಾಲ ಬರುವಷ್ಟರಲ್ಲಿ ಮುಖ ಬಿಳಿಚಿಕೊಂಡು, ಅಂಗಳ ದಾಟಿದರೂ ಏದುಸಿರು. ಮತ್ತೆ ಪರೀಕ್ಷೆ ಮಾಡಿಸಿದರೆ ಕಬ್ಬಿಣಾಂಶ ಒಂಚೂರೂ ಏರಿರಲಿಲ್ಲ. ಸೂಚಿನ್‌ಗೆ ಪಿತ್ತ ನೆತ್ತಿಗೇರಿತು. ಚಹಾ ಕೊಳ್ಳಲು ಬಂದವರ ಎದುರೇ ಹರಿಹಾಯ್ದಳು: "ಮಾತ್ರೆ ಉಗೀತಾನೆ ಈ ಕಳ್ಳ ಮುದುಕ! ಎಲ್ಲಿ, ಬಾಯಿ ತೆಗೀರಿ, ನೋಡ್ತೀನಿ!"

ಅಷ್ಟು ವಯಸ್ಸಾದ ಗಂಡಸು ಪರರ ಮುಂದೆ ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದ. ಅಂದಿನಿಂದ ದಿನಾ ಅದೇ ತಪಾಸಣೆ. ತ್ಯೆನ್‌ಫು ಮಾತು ಕಡಿಮೆ ಮಾಡಿದ.

ಒಂದು ಮಧ್ಯಾಹ್ನ ಎಲೆ ಹುರಿಯುತ್ತಲೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು, "ಮಾತ್ರೆ ಯಾವುದರ ಜೊತೆ ಕೊಡ್ತಿದ್ರಿ, ಅಮ್ಮಾ?"

"ಚಹಾದ ಜೊತೆ. ಮತ್ತಿನ್ಯಾವುದರ ಜೊತೆ ಕೊಡ್ತಾರೆ?"

"ಅಯ್ಯೋ! ಈ ಕಾಯಿಲೇಲಿ ಕಬ್ಬಿಣ ಮೈಗೆ ಹತ್ತೋದೇ ಕಷ್ಟ. ಗಟ್ಟಿ ಚಹಾ ಬೇರೆ ಅದನ್ನ ಹೊಟ್ಟೇಲೇ ಹಿಡ್ಕೊಂಡ್ಬಿಡುತ್ತೆ, ರಕ್ತಕ್ಕೆ ಬಿಡಲ್ಲ. ಈಗ ಡ್ರಿಪ್‌ನಲ್ಲೇ ಕೊಡ್ತಿದ್ದೀವಿ."

ಸೂಚಿನ್‌ಗೆ ಈಗ ಅರ್ಥವಾಯಿತು. ಮದ್ದನ್ನು ತಾನೇ ಕೈಯಾರೆ ಕೆಡಿಸಿ, ಕಳ್ಳನೆಂಬ ಹೆಸರು ಅವನಿಗೆ ಕಟ್ಟಿದ್ದಳು. ಪಾಪಿ ನಾನು, ಎಂದುಕೊಂಡಳು.

ಹಾಸಿಗೆಯ ಪಕ್ಕದ ಬಾಟಲಿಯಿಂದ ಕಂದು ಮದ್ದು ಹನಿಯುತ್ತಿತ್ತು. ಬಣ್ಣ ಥೇಟ್ ಅವಳ ಚಹಾದ್ದೇ.

"ರೀ, ತಪ್ಪೆಲ್ಲಾ ನಂದೇ. ನನ್ನ ಚಹಾನೇ ಮಾತ್ರೇನ ಕೆಡಿಸ್ತಿತ್ತಂತೆ."

ತ್ಯೆನ್‌ಫು ಅವಳ ಕಡೆ ಮುಖ ತಿರುಗಿಸಿದ. "ಹಾಗಾದ್ರೆ ನಾನು ಉಗೀಲಿಲ್ಲ ಅಂತ ನಂಬ್ತೀಯಾ?"

"ನಂಬ್ತೀನಿ ಕಣ್ರೀ."

"ಅವತ್ತು ಬಂದಿದ್ದೋರಿಗೂ ಹೇಳ್ತೀಯಾ?"

"ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೀನಿ."

ನರ್ಸ್ ಅವನ ಹೃದಯದ ಮಾತ್ರೆ ತಂದಿಟ್ಟು ಹೋದಳು. ಸೂಚಿನ್ ನೀರಿನ ಲೋಟ ಹಿಡಿದಳು. ಅವನು ನುಂಗಿದ, ನೀರು ಕುಡಿದ. ಆಮೇಲೆ, ಅವಳು ಕೇಳದೆಯೇ, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದ.