ನೀಲಿ ಡೇಸಿಗೆ ನೀರು

ಹಳದಿ, ಇವತ್ತು ಇನ್ನೆರಡು ಎಲೆ ಹಳದಿ, ನೀರಿನ ಟ್ಯಾಂಕಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೇ ರಾಧಾಮಣಿ ಕುಂಡದ ಮೇಲೆ ಕಣ್ಣಿಟ್ಟಿದ್ದಾಳೆ, ಆರು ಗಿಡಗಳಲ್ಲಿ ಐದು ಬುಡ ಕೊಳೆತು ಸತ್ತವು, ಉಳಿದದ್ದು ಇದೊಂದು, ಬಿಸಿಲು ಏರಿದರೆ ಮಾತ್ರ ಕಣ್ಣು ಬಿಡುವ, ಮೋಡ ಕಂಡರೆ ಮುದುಡಿಕೊಳ್ಳುವ ಬಿಂಕದ ಹೂವು, ನೀಲಿ ಡೇಸಿ — ಕೃಷಿಮೇಳದಲ್ಲಿ ಬೀಜ ತಂದು, ಚಿಗುರಿನ ತುದಿ ಚಿವುಟಿ ಚಿವುಟಿ ಪೊದೆ ಮಾಡಿ, ಮೇಲ್ಮಣ್ಣು ಒಣಗುವ ತನಕ ಒಂದು ಲೋಟ ನೀರೂ ಹಾಕದೆ ಸಾಕಿದ್ದು, ಏರ್‌ಶೋ ವಿಮಾನಗಳ ಅಬ್ಬರಕ್ಕೂ ಬೆದರದ ಗಿಡ, ಈ ಬೇಸಿಗೆ ತಾರಸಿಯ ಉದ್ದಕ್ಕೂ ನೀಲಿ ಕಾಣಬೇಕಿತ್ತು, ಇದೇ ಕೊನೆಯ ಬೇಸಿಗೆ, ಶ್ರಾವಣದಲ್ಲಿ ಮೈದುನ ವಾಸು ಇಲ್ಲಿ ಎರಡು ರೂಮು ಎಬ್ಬಿಸುತ್ತಾನೆ, ಆಮೇಲೆ ಈ ಮನೆಯಲ್ಲಿ ಅವಳದೆಂದು ಒಂದು ಚಿಪ್ಪು ಮಣ್ಣೂ ಇರುವುದಿಲ್ಲ, ಅಂಗಳಕ್ಕೆ ಸಿಮೆಂಟು ಬಳಿದು ಎಷ್ಟೋ ವರ್ಷವಾಯಿತು, ಅಲ್ಲಾಳಸಂದ್ರದಲ್ಲಿ ಎಕರೆಗಟ್ಟಲೆ ರಾಗಿ ಬೆಳೆದ ಮನೆಯಂತೆ, ಥೂ.

ಒಂದು ಬೇಸಿಗೆ ನಾಲ್ಕು ನೀಲಿ ಹೂವು ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು, ಆದರೆ ವಾಸುವಿನ ಹೆಂಡತಿ ಜ್ಯೋತಿಲಕ್ಷ್ಮಿಗೆ ತಡೆಯಲಾಗಲಿಲ್ಲ, ಯಾವಾಗ ಬಂದು ನೋಡಿದರೂ ಕುಂಡ ಒದ್ದೆ, ಒದ್ದೆಯಲ್ಲ ಕೆಸರು, ಮೇಲೆ ಅರಿಶಿನದ ಕೆನೆ, ಒಂದು ತುಳಸಿ ದಳ, ಪೂಜೆಯ ನೀರು, ಮನೆಯಲ್ಲಿ ಪೂಜೆ ಮಾಡುವವಳು ಯಾರು, ಅವಳೇ, ಮೊನ್ನೆ ಮೆಟ್ಟಿಲ ತುದಿಯಿಂದ ಕಣ್ಣಾರೆ ಕಂಡದ್ದಲ್ಲವೇ, ಬಗ್ಗಿ ಕುಂಡದ ಅಂಚು ಹಿಡಿದಿದ್ದಳು, ಪಕ್ಕದಲ್ಲಿ ದೇವರ ಮನೆಯ ಚೊಂಬು, ಹಲ್ಲು ಕಿರಿದಳು ಬೇರೆ, ಅಕ್ಕಾ ಎಷ್ಟ್ ಚೆನ್ನಾಗಿದೆ ಈ ಕಲರ್ರು, ನಯವಂಚಕಿ, ಹೊಟ್ಟೆಕಿಚ್ಚಿನ ಮುಂಡೇದು, ಕೇಳಿದರೆ ಬಾಯಿ ಬಿಡುತ್ತಾಳೆಯೇ, ಅದಕ್ಕೇ ಕೇಳಲಿಲ್ಲ, ನಿನ್ನೆ ಸಂಜೆ ರಾಧಾಮಣಿ ಇದೇ ತಾರಸಿಯ ಮೂಲೆಯಲ್ಲಿದ್ದ ಅವಳ ದುಂಡುಮಲ್ಲಿಗೆಯ ಬುಡ ಕೆದಕಿ ಮೂರು ಹಿಡಿ ಕಲ್ಲುಪ್ಪು ಸುರಿದು ನೀರು ಬಿಟ್ಟಳು, ಬೆರಳ ಸಂದಿಯಲ್ಲಿ ಹರಳು ಚುರುಗುಟ್ಟಿತು, ಆ ಉರಿಯೂ ಹಿತವಾಗಿತ್ತು, ಊಟಕ್ಕೆ ಕೂತಾಗ ಒಂದು ಮುದ್ದೆ ಹೆಚ್ಚಿಗೇ ಇಳಿಯಿತು, ಇವತ್ತು ಚೊಂಬಿನ ಸಮೇತ ಸಿಕ್ಕಿಬೀಳಲಿ, ಬೀದಿಗೆಲ್ಲ ಕೇಳುವಂತೆ ನೀರಿಳಿಸುತ್ತಾಳೆ — ಮೆಟ್ಟಿಲಲ್ಲಿ ಸದ್ದು, ಬಂದಳು, ಆದರೆ ಇದೇನು, ಒಂದೊಂದು ಮೆಟ್ಟಿಲಿಗೂ ನರಳಾಟ, ಅತ್ತೆ, ಸುಬ್ಬಲಕ್ಷ್ಮಮ್ಮ, ಮಂಡಿನೋವೆಂದು ಎರಡು ವರ್ಷದಿಂದ ಮೂಲೆ ಹಿಡಿದವಳು, ಕೈಯಲ್ಲಿ ಚೊಂಬು, ನೇರ ಡೇಸಿಯ ಹತ್ತಿರ ಬಂದು ಪೂರ್ತಿ ಸುರಿದಳು, ಟ್ಯಾಂಕಿನ ಹಿಂದಿನಿಂದ ಎದ್ದ ಸೊಸೆಯನ್ನು ಕಂಡು ಬೆಚ್ಚಲೂ ಇಲ್ಲ, ದೇವ್ರ್ ನೀರು ಕಾಲಿಗ್ ಸಿಗ್ಬಾರ್ದಲ್ಲಮ್ಮ, ಕೆಳಗ್ ಮಣ್ಣೆಲ್ಲೈತೆ, ಮಲ್ಗೆ ದೇವ್ರಿಗ್ ಮುಡ್ಸೋ ಊವ, ಅದ್ರ ಬುಡಕ್ಕೆ ಉಯ್ಬಾರ್ದು, ಇದಾದ್ರೆ ಯಾವ್ ದೇವ್ರಿಗೂ ಏರಲ್ಲ. ಜ್ಯೋತಿ ಬೈತಾಳೆ, ಇದುಕ್ ನೀರಾಗಲ್ಲ ಅಂತ ನಾನ್ ಇಳಿದ್ಮೇಲೆ ಬಂದು ಕುಂಡ ಬಗ್ಸಿ ಬಗ್ಸಿ ಚೆಲ್ತಾಳೆ, ನಾನ್ ಮರ್ತ್ ಬಿಟ್ಟೋದ್ ಚೊಂಬೂ ಅವ್ಳೇ ತರ್ತಾಳೆ, ನಾನೇ ಅವ್ಳಿಗೆ ನಿಂಗ್ ಏಳ್ಬೇಡ ಅಂದಿದ್ದೆ, ಉರಿದ್ ಬೀಳ್ತೀಯ ಅಂತ.

ಚೆಲ್ಲುತ್ತಿದ್ದಳೇ, ಕುಂಡದ ಅಂಚು ಹಿಡಿದದ್ದು ಅದಕ್ಕೇ, ಈ ಒಂದಾದರೂ ಉಳಿದದ್ದು ಅವಳಿಂದ, ಛೇ, ಈಗ ಅವಳ ಮೇಲೆ ಇನ್ನೂ ಸಿಟ್ಟು, ಒಳ್ಳೆಯವಳಾಗು ಎಂದು ಯಾರು ಅಂಗಲಾಚಿದ್ದರು, ಒಂದು ಮಾತು ಹೇಳಿದ್ದರೆ ಬಾಯಿ ಸವೆಯುತ್ತಿತ್ತೇ, ಮಲ್ಲಿಗೆಯ ಬುಡದಲ್ಲಿ ಮೂರು ಹಿಡಿ, ತೊಳೆದುಬಿಡಬೇಕು, ಎರಡು ಬಕೆಟ್ ನೀರು, ಈ ಮುದುಕಿ ಕೆಳಗಿಳಿದರೆ ಸಾಕು, ಆದರೆ ಜ್ಯೋತಿಲಕ್ಷ್ಮಿ ಆಗಲೇ ಮೇಲೆ ಬಂದಿದ್ದಾಳೆ, ಅಕ್ಕಾ ಇಲ್ಲೇ ಇದ್ದೀರಾ, ನನ್ ಮಲ್ಲಿಗೆ ಯಾಕೋ ಬಾಡೋಗಿದೆ, ನಿಮ್ ಕೈಗುಣ ಚೆನ್ನಾಗಿದೆ, ಸ್ವಲ್ಪ ನೋಡ್ರಿ, ಎಂದವಳು ತಾನೇ ಮಂಡಿಯೂರಿ ಮಣ್ಣು ಸರಿಸುತ್ತಾಳೆ, ಬೇಡ ಎನ್ನುವಷ್ಟರಲ್ಲಿ ಬಿಳಿ, ಕರಗದೆ ಉಳಿದ ಹರಳು, ಅವಳ ಬೆರಳ ತುದಿಗೆ ಅಂಟಿದ ಹರಳು, ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ, ಹರಳು, ಹರಳು, ಮೆಲ್ಲಗೆ ಅದನ್ನು ನಾಲಿಗೆಗೆ ಮುಟ್ಟಿಸುತ್ತಾಳೆ